ಬೇಲೂರಿನವರ ಎರಡನೇ ಗೋಲು

ಅದು ಗೋಲೇ. ಯಾರು ಕೇಳಿದರೂ, ಎಷ್ಟು ಸಲ ಕೇಳಿದರೂ ನನ್ನ ಉತ್ತರ ಬದಲಾಗುವುದಿಲ್ಲ.

ಹೋದ ತಿಂಗಳು ನಮ್ಮ ಶಾಲೆಯ ಅಂಗಳದಲ್ಲಿ ಕ್ರೀಡಾಕೂಟಕ್ಕೆಂದು ಸುಣ್ಣದ ಗೆರೆ ಎಳೆಯುತ್ತಿದ್ದರು. ಹಿಂದಿನ ದಿನ ನಾಲ್ಕು ಹನಿ ಬಿದ್ದು ನೆಲ ಒದ್ದೆಯಾಗಿತ್ತು. ಒದ್ದೆ ಮಣ್ಣಿನ ಮೇಲೆ ಸುಣ್ಣ ಬಿದ್ದಾಗ ಏಳುವ ಆ ಗಾಟು ವಾಸನೆ ಸ್ಟಾಫ್ ರೂಮಿನ ಕಿಟಕಿಯಿಂದ ಒಳಗೆ ನುಗ್ಗಿತು. ನಾನು ಒಂಬತ್ತನೇ ತರಗತಿಯ ಗಣಿತದ ಪೇಪರು ತಿದ್ದುತ್ತಾ ಕೂತಿದ್ದೆ. ಕೆಂಪು ಪೆನ್ನು ಕೈಯಲ್ಲೇ ನಿಂತಿತು, "ಅದು ಗೋಲೇ ಕಣ್ರೀ" ಎಂದು ಬಾಯಿಂದ ಬಂದೇಬಿಟ್ಟಿತು. ಪಕ್ಕದಲ್ಲಿದ್ದ ಹಿಂದಿ ಟೀಚರ್ ಗಾಬರಿಯಾಗಿ ಯಾವುದು ಎಂದು ಕೇಳಿದರು. ಹೇಳಹೊರಟರೆ ಒಂದು ಪೀರಿಯಡ್ ಸಾಲುತ್ತಿರಲಿಲ್ಲ, ಸುಮ್ಮನಾದೆ. ಈಗ ಸಾವಕಾಶವಾಗಿ ಹೇಳುತ್ತೇನೆ.

ಅರಸೀಕೆರೆಗೆ ನನಗೆ ವರ್ಗವಾದದ್ದು ಒಂದು ಜೂನ್‌ನಲ್ಲಿ. ಮುಂದಿನ ಜೂನ್ ಹೊತ್ತಿಗೆ ಅಲ್ಲಿಂದ ಎತ್ತಂಗಡಿ. ಒಟ್ಟು ಒಂದೇ ವರ್ಷ. ಅದರಲ್ಲೂ ದೀಪಾವಳಿಯಿಂದ ಸಂಕ್ರಾಂತಿವರೆಗಿನ ದಿನಗಳು ಮಾತ್ರ ನನಗೆ ನಿನ್ನೆ ಮೊನ್ನೆ ನಡೆದ ಹಾಗೆ ನೆನಪಿವೆ. ಬೆಳಿಗ್ಗೆ ಚಳಿ, ಮಧ್ಯಾಹ್ನ ಚುರುಗುಟ್ಟುವ ಬಿಸಿಲು, ಸಂಜೆ ಆಗುವುದೇ ತಡ ಮತ್ತೆ ಚಳಿ. ಸುತ್ತಲಿನ ಹಳ್ಳಿಗಳಲ್ಲಿ ರಾಗಿ ಕಟಾವು ನಡೆದಿತ್ತು, ಪೇಟೆಯಲ್ಲಿ ಎಲ್ಲಿ ನೋಡಿದರೂ ಅವರೆಕಾಯಿ ರಾಶಿ. ನಾನು ಬಾಡಿಗೆಗಿದ್ದ ಕೋಣೆ ರೈಲ್ವೆ ಕ್ವಾರ್ಟರ್ಸ್ ಹತ್ತಿರವಿತ್ತು. ಕಿಟಕಿ ತೆರೆದರೆ ಒಂದು ದೊಡ್ಡ ಬಯಲು, ಬಯಲಿನ ಎರಡು ಕೊನೆಗೆ ತುಕ್ಕು ಹಿಡಿದ ಗೋಲುಕಂಬ. ನನಗೆ ಅಷ್ಟು ಸಾಕಾಗಿತ್ತು.

ನಮ್ಮಪ್ಪ ಬೇಲೂರಿನಲ್ಲಿ ಗುಮಾಸ್ತರು. ಹರೆಯದಲ್ಲಿ ಗೋಲ್‌ಕೀಪರ್ ಆಗಿದ್ದವರು. ಗಂಡುಮಗ ಹುಟ್ಟಲಿಲ್ಲವೆಂದು ಕೊರಗುತ್ತಾ ಕೂರದೆ, ಇದ್ದ ಒಬ್ಬಳೇ ಮಗಳಿಗೆ ಆಫ್‌ಸೈಡ್ ಎಂದರೇನು ಎನ್ನುವುದನ್ನು ಎಂಟನೇ ವಯಸ್ಸಿಗೇ ಕಲಿಸಿದರು. ಹಾಗಾಗಿ ಆಟ ನನಗೆ ಗೊತ್ತು. ಬಾಯಿಯೂ ಜೋರು. ನಮ್ಮಮ್ಮನ ಪ್ರಕಾರ ಇವೆರಡೂ ಒಂದೇ ಹೆಣ್ಣಿನಲ್ಲಿ ಇರಬಾರದಿತ್ತು.

ಅರಸೀಕೆರೆಯಲ್ಲಿ ಆಟ ಮುಗಿದ ಮೇಲೆ ಇನ್ನೊಂದು ಆಟ ನಡೆಯುತ್ತಿತ್ತು. ಬಯಲಿನ ಗೇಟಿನ ಎದುರಿಗೆ ಶಿವಣ್ಣನ ಟೀ ಅಂಗಡಿ. ಶಿವಣ್ಣ ಐವತ್ತು ದಾಟಿದ ಮನುಷ್ಯ, ತಾನು ಒಂದು ದಿನವೂ ಚೆಂಡು ಒದ್ದವನಲ್ಲ, ಆದರೆ ತಂಡದ ಯಜಮಾನಿಕೆ ಪೂರ್ತಿ ಅವನದೇ. ಪಂದ್ಯ ಮುಗಿದ ಕೂಡಲೇ ಅಭಿಮಾನಿಗಳೆಲ್ಲ ಅವನ ಬೆಂಚಿನ ಸುತ್ತ ಸೇರುತ್ತಿದ್ದರು. ಬೆಂಚಿನ ಮೇಲೆ ಹನ್ನೊಂದು ಅವರೆಕಾಳು ಹರಡಿದರೆ ಅದು ನಮ್ಮ ತಂಡ. ಹನ್ನೊಂದು ಕಡಲೆಬೀಜ ಎದುರಾಳಿ. ಒಂದು ಮೆಣಸಿನಕಾಳು ಚೆಂಡು. ರೆಫರಿಗೆ ಮಾತ್ರ ಒಂದು ಒಣಮೆಣಸಿನಕಾಯಿ. ಗೋಲು ಹೇಗೆ ಬಿತ್ತು, ಯಾರು ಎಲ್ಲಿ ನಿಂತಿದ್ದ, ಯಾರು ಯಾರನ್ನು ಬಿಟ್ಟ ಎನ್ನುವುದನ್ನು ಕಾಳು ಸರಿಸಿ ಸರಿಸಿ ಇತ್ಯರ್ಥ ಮಾಡುತ್ತಿದ್ದರು. ತಪ್ಪು ಮಾಡಿದ ಆಟಗಾರ ಅಲ್ಲೇ ಕೂತು ಕೇಳಬೇಕು, ಬೇಕಿದ್ದರೆ ಎದುರು ವಾದಿಸಬಹುದು, ಎದ್ದು ಹೋಗುವ ಹಾಗಿಲ್ಲ. ಎದ್ದು ಹೋದವನು ಸೋತ ಹಾಗೆ. ಇತ್ಯರ್ಥವಾದ ಮೇಲೆ ಎದುರಾಳಿ ತಂಡವನ್ನು ಎಲ್ಲರೂ ತಿಂದು ಮುಗಿಸುತ್ತಿದ್ದರು. ನಮ್ಮ ತಂಡ ಶಿವಣ್ಣನ ಹೆಂಡತಿಯ ಉಪ್ಪಿಟ್ಟಿಗೆ ಹೋಗುತ್ತಿತ್ತು.

ಮೊದಮೊದಲು ನಾನು ಮನೆ ಗೇಟಿನಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಒಂದು ದಿನ ಲೆಫ್ಟ್ ಬ್ಯಾಕ್ ಆಡುವ ಪುಟ್ಟರಾಜು ತನ್ನ ತಪ್ಪಿಗೆ ಆಫ್‌ಸೈಡಿನ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದ. ಕಾಳನ್ನು ತನಗೆ ಬೇಕಾದ ಕಡೆ ಇಟ್ಟುಕೊಂಡು ರೆಫರಿಯ ವಂಶವನ್ನೆಲ್ಲ ಜಾಲಾಡುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಹೋಗಿ ಅವನ ಅವರೆಕಾಳನ್ನು ಎರಡು ಬೆರಳಿನಲ್ಲಿ ಹಿಡಿದು ಗೋಲಿನ ಹತ್ತಿರ ಇಟ್ಟು, ನೀನು ನಿಂತಿದ್ದದ್ದು ಇಲ್ಲಿ, ಲೈನಿನಿಂದ ಎಲ್ಲರೂ ಮುಂದೆ ಬಂದಾಗ ನೀನೊಬ್ಬ ಹಿಂದೆ ಉಳಿದಿದ್ದೆ, ಅವರನ್ನು ಆನ್‌ಸೈಡ್ ಮಾಡಿದ ಪುಣ್ಯಾತ್ಮ ನೀನೇ ಎಂದೆ. ಆಮೇಲೆ ಶಿವಣ್ಣ ಬೆಂಚಿನ ತುದಿಯನ್ನು ಟವೆಲ್‌ನಿಂದ ಒರೆಸಿ, ಕೂತ್ಕೊಳ್ಳಿ ಮೇಡಮ್ಮೋರೆ ಎಂದ. ಅಂದಿನಿಂದ ಆ ತುದಿ ನನ್ನದಾಯಿತು. ಊರಿನ ಕೆಲವರು ಮೂಗು ಮುರಿದರು. ಮುರಿದುಕೊಳ್ಳಲಿ, ಅವರ ಮೂಗು.

ಬಯಲಿನ ಬಗ್ಗೆ ಒಂದು ವಿಷಯ ಹೇಳಲೇಬೇಕು. ಕ್ವಾರ್ಟರ್ಸ್ ಕಡೆಯ ಗೋಲಿನ ಮುಂದೆ, ಅಡ್ಡಲಾಗಿ ಒಂದು ಕಾಲುದಾರಿ ಹಾದು ಹೋಗುತ್ತದೆ. ಬಯಲು ಆಟದ ಮೈದಾನವಾಗುವುದಕ್ಕೆ ಮುಂಚಿನಿಂದಲೂ ಇರುವ ದಾರಿ. ಆಚೆಯ ತೋಟಗಳಲ್ಲಿ ಬಿದ್ದ ತೆಂಗಿನ ಗರಿ ಆರಿಸಿ ತಂದು ಪೊರಕೆ ಕಟ್ಟುವ ಸಣ್ಣತಾಯಮ್ಮ ಎಂಬ ಮುದುಕಿ ದಿನಾ ಸಂಜೆ ಐದರ ಸುಮಾರಿಗೆ ಅದೇ ದಾರಿಯಲ್ಲಿ ಬರುತ್ತಿದ್ದಳು. ತಲೆಯ ಮೇಲಿನ ಹೊರೆ ಎರಡೂ ಕಡೆ ಇಳಿಬಿದ್ದು ಅವಳಿಗೆ ಕಾಲ ಕೆಳಗಿನ ಎರಡು ಅಡಿ ನೆಲ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಕಿವಿಯೂ ಮಂದ. ಅದಕ್ಕೇ ಅಲ್ಲಿ ಒಂದು ರೂಢಿ ಬೆಳೆದಿತ್ತು. ಪ್ರಾಕ್ಟೀಸ್ ಮಾಡುವಾಗ ಅವಳನ್ನು ಮೊದಲು ಕಂಡವನು ಕೈ ಎತ್ತುತ್ತಾನೆ. ಎತ್ತಿದ ಕೈ ಕಂಡವರೆಲ್ಲ ನಿಂತಲ್ಲೇ ನಿಲ್ಲುತ್ತಾರೆ. ಗೋಲಿನ ಬಾಯಲ್ಲಿ ಚೆಂಡು ಇದ್ದರೂ ಸರಿಯೇ. ಅವಳು ದಾಟಿದ ಮೇಲೆ ಆಟ ಅಲ್ಲಿಂದಲೇ ಮುಂದುವರಿಯುತ್ತದೆ. ಇದನ್ನು ಯಾರೂ ಕೂತು ನಿಯಮ ಮಾಡಿದ್ದಲ್ಲ, ಚಿಕ್ಕಂದಿನಿಂದ ಆ ಬಯಲಿನಲ್ಲಿ ಆಡಿದವರಿಗೆ ರಕ್ತದಲ್ಲೇ ಬಂದಿತ್ತು.

ಪಂದ್ಯದ ದಿನ ಮಾತ್ರ ದಾರಿಗೆ ಹಗ್ಗ. ತೋಟದ ಕಡೆಯ ಬಾಯಲ್ಲಿ ಒಂದು ಕಂಬ ಗಟ್ಟಿಯಿತ್ತು, ಇನ್ನೊಂದು ಮುರಿದುಹೋಗಿತ್ತು. ಹಾಗಾಗಿ ಹಗ್ಗದ ಒಂದು ತುದಿ ಕಂಬಕ್ಕೆ, ಇನ್ನೊಂದು ತುದಿ ಯಾರದಾದರೂ ಕೈಗೆ. ಹಗ್ಗ ಎದೆಗೆ ತಗುಲಿದರೆ ಸಣ್ಣತಾಯಮ್ಮ ಬೈಯುತ್ತಾ ಸುತ್ತು ಹಾಕಿ ಹೋಗುತ್ತಿದ್ದಳು. ಡಿಸೆಂಬರ್ ಹೊತ್ತಿಗೆ ಆ ತುದಿ ಹಿಡಿಯುವ ಕೆಲಸ ನನಗೆ ಬಂದಿತ್ತು. ಮೇಡಮ್ಮೋರು ಹಿಡಿದರೆ ಯಾರೂ ನುಗ್ಗೋದಿಲ್ಲ ಎಂದು ಶಿವಣ್ಣ ಕೊಟ್ಟಿದ್ದ ಕೆಲಸ. ನನಗೆ ಅದೊಂದು ಹೆಮ್ಮೆ.

ಸುತ್ತಲಿನ ತಾಲ್ಲೂಕುಗಳ ತಂಡಗಳ ಪಂದ್ಯಾವಳಿ ಅದು. ಅರಸೀಕೆರೆ ತಂಡ ಅದರಲ್ಲಿ ಹಿಂದೆಂದೂ ಫೈನಲ್ ಮುಟ್ಟಿರಲಿಲ್ಲ. ಆ ವರ್ಷ ಸೆಮಿಫೈನಲ್‌ಗೆ ಬಂತು, ಅದೂ ನಮ್ಮದೇ ಬಯಲಿನಲ್ಲಿ. ಎದುರಾಳಿ ಬೇಲೂರು. ನನ್ನ ತವರೂರೇ ಎದುರು ಬಂದಿದ್ದಕ್ಕೆ ಎಲ್ಲರೂ ನನ್ನನ್ನು ರೇಗಿಸಿದ್ದೇ ರೇಗಿಸಿದ್ದು. ಸಂಬಳ ಕೊಡುವ ಊರೇ ನನ್ನೂರು ಎಂದು ನಾನೂ ಬಾಯಿ ಮುಚ್ಚಿಸಿದ್ದೆ.

ರೆಫರಿ ಹಳೇಬೀಡಿನ ಕಡೆಯ ಪದ್ಮರಾಜಯ್ಯ. ನಿವೃತ್ತ ಡ್ರಿಲ್ ಮೇಷ್ಟ್ರು, ಜೈನರು, ಸಣಕಲು ಆಳು. ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವ ನೇಮದವರು, ಅದಕ್ಕೆ ಪಂದ್ಯ ಮುಗಿದ ತಕ್ಷಣ ಬಯಲಿನ ಮೂಲೆಯ ಕಟ್ಟೆಯ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದರು. ಮಾತು ಕಮ್ಮಿ. ಸೀಟಿ ಊದಿದರೆ ಊದಿದ ಹಾಗೆ, ಅದರ ಮೇಲೆ ದೇವರು ಬಂದು ಹೇಳಿದರೂ ಬದಲಾಯಿಸುವವರಲ್ಲ.

ಇನ್ನು ಲೋಕೇಶ. ನಮ್ಮ ತಂಡದ ಸ್ಟಾಪರ್, ಎಂದರೆ ಗೋಲಿನ ಮುಂದೆ ಕಾವಲು ನಿಲ್ಲುವವನು. ಕಣಕಟ್ಟೆಯಿಂದ ದಿನಾ ಬಸ್ಸಿನಲ್ಲಿ ಬಂದು ಬೈಕ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಇಪ್ಪತ್ತಾರೋ ಏಳೋ ವಯಸ್ಸು. ಐದನೇ ನಂಬರಿನ ಜರ್ಸಿ ಎಂದರೆ ಅವನಿಗೆ ಪ್ರಾಣ. ಆ ತಂಡ ಬಿಟ್ಟರೆ ಅವನಿಗೆ ಅರಸೀಕೆರೆಯಲ್ಲಿ ಗೆಳೆಯರೂ ಇರಲಿಲ್ಲ, ಹೊತ್ತು ಕಳೆಯುವುದಕ್ಕೆ ಇನ್ನೊಂದು ಜಾಗವೂ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಮೂರೂವರೆಗೆ ಆಟ ಶುರುವಾಯಿತು. ಇಪ್ಪತ್ತನೇ ನಿಮಿಷದಲ್ಲಿ ಬೇಲೂರಿನವರು ಒಂದು ಕಾರ್ನರ್‌ನಿಂದ ತಲೆ ಕೊಟ್ಟು ಗೋಲು ಹಾಕಿದರು. ಆದರೆ ಎರಡನೇ ಅರ್ಧದಲ್ಲಿ ನಮ್ಮವರು ಸಮ ಮಾಡಿದರು, ಆ ಸಂಭ್ರಮದಲ್ಲಿ ಹಿಂದಿನದನ್ನು ಎಲ್ಲರೂ ಮರೆತರು. ಇನ್ನೈದು ನಿಮಿಷ ಉಳಿದಿದೆ ಎನ್ನುವಾಗ ನಾನು ನಿಂತಿದ್ದ ಕಡೆಯ ಗೆರೆಯಿಂದ ಚೆಂಡು ಆಚೆ ಹೋಯಿತು. ಕೊನೆಗೆ ಮುಟ್ಟಿದವನು ಬೇಲೂರಿನವನು, ನಾನು ಕಣ್ಣಾರೆ ಕಂಡಿದ್ದೇನೆ. ಲೈನ್ಸ್‌ಮನ್ ಎಸೆತವನ್ನು ಬೇಲೂರಿಗೇ ಕೊಟ್ಟ. ನನ್ನ ತಲೆ ಕೆಟ್ಟಿತು. ಹತ್ತು ಹದಿನೈದು ಹೆಜ್ಜೆ ಓಡಿಹೋಗಿ, ಕಣ್ಣು ಮನೆಯಲ್ಲಿಟ್ಟು ಬಂದಿದ್ದೀರೇನ್ರೀ ಎಂದು ಅವನ ಮುಂದೆ ಕೂಗಾಡಿದೆ. ಹಗ್ಗ ಎಲ್ಲಿ ಬಿತ್ತೋ ನನಗೆ ಜ್ಞಾನವೇ ಇರಲಿಲ್ಲ.

ಅವರು ಚೆಂಡು ಎಸೆದರು. ಒಬ್ಬ ಅದನ್ನು ಎತ್ತಿ ಕ್ವಾರ್ಟರ್ಸ್ ಕಡೆಗಿದ್ದ ನಮ್ಮ ಗೋಲಿನ ಆಚೆ ಬದಿಗೆ ಉದ್ದಕ್ಕೆ ಒದ್ದ. ಲೋಕೇಶ ಹಿಂದಿರುಗಿ ಓಡಿದ. ಸುಲಭದ ಚೆಂಡು, ನೂರಕ್ಕೆ ನೂರು ಅವನದೇ. ಇದ್ದಕ್ಕಿದ್ದ ಹಾಗೆ ಅವನು ನಿಂತ. ಬಲಗೈ ಮೇಲೆತ್ತಿದ. ಸಣ್ಣತಾಯಮ್ಮ ಗರಿ ಹೊತ್ತುಕೊಂಡು, ಸರಿಯಾಗಿ ಅವನು ಓಡಬೇಕಾದ ದಾರಿಯಲ್ಲಿ ತನ್ನ ಪಾಡಿಗೆ ನಡೆದು ಬರುತ್ತಿದ್ದಳು. ಎತ್ತಿದ ಕೈ ಕಂಡು ಪುಟ್ಟರಾಜು ನಿಂತ, ರೈಟ್ ಬ್ಯಾಕ್ ನಿಂತ, ಗೋಲ್‌ಕೀಪರ್ ಕೂಡ ಸೊಂಟಕ್ಕೆ ಕೈ ಕೊಟ್ಟು ನಿಂತುಬಿಟ್ಟ. ಬೇಲೂರಿನ ಹುಡುಗನಿಗೆ ಈ ರೂಢಿ ಏನು ಗೊತ್ತು? ಚೆಂಡು ಅವನ ಕಾಲಿಗೆ ಬಂತು, ನಾಲ್ಕು ಹೆಜ್ಜೆ ಓಡಿ ಖಾಲಿ ಗೋಲಿಗೆ ತಳ್ಳಿದ. ಪದ್ಮರಾಜಯ್ಯ ಮೈದಾನದ ಮಧ್ಯಕ್ಕೆ ಕೈ ತೋರಿಸಿದರು. ಗೋಲು.

ಆಮೇಲೆ ನಡೆದ ಗಲಾಟೆಯನ್ನು ನಾನು ವರ್ಣಿಸುವುದಿಲ್ಲ. ಒಂದಕ್ಕೆ ಎರಡರಿಂದ ಸೋತೆವು. ಸಣ್ಣತಾಯಮ್ಮ ಏನೂ ಗೊತ್ತಿಲ್ಲದೆ ದಾಟಿಕೊಂಡು ಮನೆಗೆ ಹೋದಳು. ಜನ ಸುತ್ತುವರಿದು ಬಾಯಿಗೆ ಬಂದದ್ದು ಅನ್ನುತ್ತಿದ್ದರೂ ಪದ್ಮರಾಜಯ್ಯ ಕಟ್ಟೆಯ ಮೇಲೆ ಕೂತು ಡಬ್ಬಿ ಬಿಚ್ಚಿ ಚಪಾತಿ ಮುರಿಯುತ್ತಿದ್ದರು. ಊಟದ ಅವಸರಕ್ಕೆ ಆಟ ಮುಗಿಸಿದ ಎಂದು ಯಾರೋ ಕೂಗಿದ. ಅದು ನನಗೆ ಚೂರೂ ಸರಿಹೋಗಲಿಲ್ಲ. ಅವರ ನೇಮ ಅವರದು, ಗಡಿಯಾರದಲ್ಲಿ ತೊಂಬತ್ತು ನಿಮಿಷ ಪೂರ್ತಿ ಆಗಿತ್ತು. ನಾನು ಜನರನ್ನು ಸರಿಸಿ ಅವರ ಹತ್ತಿರ ಹೋದೆ. ಸಮಾಧಾನ ಹೇಳೋಣವೆಂದು ಹೋದವಳು ನಾನು. ಅವರು ತಲೆ ಎತ್ತಿ ನೋಡಿ ಒಂದೇ ಪ್ರಶ್ನೆ ಕೇಳಿದರು.

"ಹಗ್ಗ ಯಾರ ಕೈಯಲ್ಲಿತ್ತಮ್ಮ?"

"ಗೊತ್ತಿಲ್ಲ ಸಾರ್" ಎಂದೆ.

ಅವರು ಊಟ ಮುಂದುವರಿಸಿದರು. ಮಕ್ಕಳು ಸುಳ್ಳು ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುವ ಟೀಚರ್ ನಾನು. ನನ್ನ ನಾಲಿಗೆ ಅಷ್ಟು ಸಲೀಸಾಗಿ ಸುಳ್ಳಾಡಿದ್ದು ಕಂಡು ನನಗೇ ದಿಗಿಲಾಯಿತು.

ಅವತ್ತು ಶಿವಣ್ಣನ ಬೆಂಚಿನಲ್ಲಿ ಜನ ಎರಡು ಗುಂಪಾಗಿ ಕಿತ್ತಾಡಿ ಕಾಳು ಹರಡಲೂ ಬಿಡಲಿಲ್ಲ. ಒಂದು ಗುಂಪಿನ ಪ್ರಕಾರ ತಪ್ಪು ರೆಫರಿಯದು. ಮುದುಕಿ ಒಳಗೆ ಬಂದ ತಕ್ಷಣ ಸೀಟಿ ಊದಬೇಕಿತ್ತು. ಇನ್ನೊಂದು ಗುಂಪಿನ ಪ್ರಕಾರ ಅವಳು ಚೆಂಡಿನಿಂದ ಇಪ್ಪತ್ತು ಮಾರು ದೂರವಿದ್ದಳು, ಚೆಂಡಿಗೆ ಅಡ್ಡ ಬರಲಿಲ್ಲ, ತಪ್ಪು ಲೋಕೇಶನದು, ಅವಳನ್ನು ಬಳಸಿಕೊಂಡು ಓಡಬಹುದಿತ್ತು, ಸೀಟಿ ಕೇಳುವವರೆಗೆ ಆಡಬೇಕು ಎನ್ನುವುದು ಎಲ್‌ಕೆಜಿ ಮಗುವಿಗೂ ಗೊತ್ತು. ಪುಟ್ಟರಾಜು ತಾನೂ ನಿಂತಿದ್ದನ್ನು ಮರೆತು ಎಲ್ಲರಿಗಿಂತ ಜೋರಾಗಿ ಲೋಕೇಶನನ್ನು ಬೈದ. ಲೋಕೇಶ ಗೋಡೆಗೆ ಒರಗಿ ಕೂತು ಎಲ್ಲವನ್ನೂ ಕೇಳಿಸಿಕೊಂಡ. ಹಗ್ಗದ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಗಲಾಟೆಯಲ್ಲಿ ಎಲ್ಲರೂ ಅದನ್ನು ಮರೆತಿದ್ದರು. ನಾನು ನನ್ನ ತುದಿಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ.

ಕೊನೆಗೆ ಶಿವಣ್ಣ ಒಂದು ದಾರಿ ಕಂಡುಹಿಡಿದ. ರೆಫರಿ ಸೀಟಿ ಊದದೆ ಗೋಲು ಕೊಟ್ಟರೆ ಪಂದ್ಯಾವಳಿಯ ಸಮಿತಿ ಏನೂ ಮಾಡುವುದಿಲ್ಲ. ಆದರೆ ಊದಿ, ಆಮೇಲೆ ಗೋಲು ಕೊಟ್ಟಿದ್ದರೆ? ಪಂದ್ಯ ಮತ್ತೆ ಆಡಿಸಲೇಬೇಕು. ಒಬ್ಬನ ಮೊಬೈಲಿನಲ್ಲಿ ವಿಡಿಯೋ ಇತ್ತು, ಹತ್ತಾರು ಸಲ ಹಾಕಿ ನೋಡಿದರು. ಅದರಲ್ಲಿ ಜನರ ಕೂಗು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಊದಿದರು ಎಂದರೂ ನಡೆಯುತ್ತದೆ, ಇಲ್ಲ ಎಂದರೂ ನಡೆಯುತ್ತದೆ.

"ಸೀಟಿ ಊದಿದ್ರು ಅಂತ ಸಮಿತಿಗೆ ಅರ್ಜಿ ಬರೀರಿ ಮೇಡಮ್ಮೋರೆ" ಎಂದ ಶಿವಣ್ಣ. "ಅದಕ್ಕೇ ನಮ್ ಹುಡುಗ್ರು ನಿಂತಿದ್ದು ಅಂತ. ನಿಮ್ ಅಕ್ಷರ ಚೆನ್ನಾಗೈತೆ."

ನಾನು ಬರೆದೆ. ಹೌದು, ನಾನೇ ಬರೆದೆ, ದುಂಡಗಿನ ಅಕ್ಷರದಲ್ಲಿ, ಅಲ್ಪವಿರಾಮ ಪೂರ್ಣವಿರಾಮ ಸಹಿತ. ಸೀಟಿಯ ಕಥೆ ನಿಂತರೆ ಹಗ್ಗದ ಕಥೆ ಹುಗಿದುಹೋಗುತ್ತದೆ ಎನ್ನುವ ಲೆಕ್ಕ ನನ್ನ ತಲೆಯಲ್ಲಿತ್ತು. ಅಂಥ ಅರ್ಜಿ ಗೆದ್ದರೆ ಪದ್ಮರಾಜಯ್ಯನವರನ್ನು ರೆಫರಿಗಳ ಪಟ್ಟಿಯಿಂದ ತೆಗೆಯುತ್ತಾರೆ ಎನ್ನುವುದೂ ಗೊತ್ತಿತ್ತು. ಗೊತ್ತಿದ್ದೂ ಬರೆದೆ. ಎಲ್ಲರೂ ಸಾಲಾಗಿ ಸಹಿ ಹಾಕಿದರು. ಮೊದಲು ನಿಂತವನು ಲೋಕೇಶನಾದ್ದರಿಂದ ಅವನ ಸಹಿ ಇಲ್ಲದೆ ಅರ್ಜಿಗೆ ಬೆಲೆಯಿಲ್ಲ. ಪೆನ್ನು ಅವನ ಮುಂದೆ ಬಂದಾಗ ಅವನು ಕೈ ಚಾಚಲಿಲ್ಲ.

"ಊದ್ಲಿಲ್ವಲ್ಲ" ಎಂದ.

ಅಷ್ಟೇ. ಬೈದರು, ಬೇಡಿಕೊಂಡರು, ಊರಿನ ಮಾನದ ಪ್ರಶ್ನೆ ಎಂದರು. ಅವನು ಅದೇ ಒಂದು ಮಾತು ಹೇಳಿ ಬಸ್ಸಿಗೆ ಹೊತ್ತಾಯಿತೆಂದು ಎದ್ದ. ಅವನ ಸಹಿಯ ಜಾಗ ಖಾಲಿ ಬಿಟ್ಟು ಅರ್ಜಿ ಹೋಯಿತು. ಮುಂದಿನ ಭಾನುವಾರ ಸಮಿತಿಯವರು ಬಂದು ವಿಚಾರಿಸುತ್ತಾರೆ, ಅಷ್ಟರೊಳಗೆ ಅವನ ಬಾಯಲ್ಲಿ ಸೀಟಿ ಊದಿದರು ಎಂದು ಬರಿಸಬೇಕು ಎಂದು ತೀರ್ಮಾನವಾಯಿತು. ಹೇಳದಿದ್ದರೆ ಐದನೇ ನಂಬರಿನ ಜರ್ಸಿ ವಾಪಸ್ಸು.

ಅವನನ್ನು ಒಪ್ಪಿಸುವ ಕೆಲಸವೂ ನನ್ನ ತಲೆಗೇ ಬಂತು. ಗುರುವಾರ ಶಾಲೆ ಬಿಟ್ಟ ಮೇಲೆ ಅವನ ಅಂಗಡಿಗೆ ಹೋದೆ. ಬೈಕೊಂದರ ಚೈನು ಬಿಚ್ಚಿ ಸೀಮೆಎಣ್ಣೆಯಲ್ಲಿ ಅದ್ದುತ್ತಿದ್ದ. ನನ್ನನ್ನು ಕಂಡು ಸ್ಟೂಲ್ ಒರೆಸಿ ಕೊಟ್ಟ. ನಾನು ಪಾಠ ಒಪ್ಪಿಸಿದೆ. ಒಂದು ಸಣ್ಣ ಮಾತು, ಯಾರಿಗೂ ಏನೂ ನಷ್ಟವಿಲ್ಲ, ಪಂದ್ಯ ಮತ್ತೆ ಆಡಿಸುತ್ತಾರೆ, ಗೆದ್ದು ತಂಡ ಫೈನಲ್‌ಗೆ ಹೋಗುತ್ತದೆ, ನೀನೂ ಆಡುತ್ತೀ. ನನ್ನ ಮಾತು ನನಗೇ ಹೇಸಿಗೆ ಹುಟ್ಟಿಸುತ್ತಿತ್ತು, ಆದರೂ ಹೇಳಿ ಮುಗಿಸಿದೆ. ಅವನು ಕೈ ಒರೆಸಿಕೊಂಡ.

"ಹಗ್ಗ ನೆಲದ್ ಮೇಲೆ ಬಿದ್ದಿದ್ದು ಕಾಣ್ತು ಮೇಡಂ" ಎಂದ. "ಅಜ್ಜಿ ಇನ್ನೆಲ್ಲೂ ನಿಲ್ಲಾಕಿಲ್ಲ, ಸೀದಾ ಬತ್ತೈತೆ ಅಂತ ಗೊತ್ತಾಯ್ತು. ನಾನ್ ಓಡೋ ಬಿರ್ಸಿಗೆ ಗುದ್ದಿದ್ರೆ ಆಯಮ್ಮ ಏಳ್ತಿರ್ಲಿಲ್ಲ. ಅದಕ್ಕೇ ನಿಂತೆ."

ಮತ್ತೆ ಯಾರಿಗೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ನಿಮ್ಮನ್ನ ಬೈತಿದ್ರು. ಗೋಲ್ ಏನ್ ವಾಪಸ್ ಬತ್ತಿತ್ತಾ?"

ಐದು ದಿನದಿಂದ ಇಡೀ ಊರಿನ ಬೈಗುಳ ತಿಂದವನು ಅವನು. ಒಂದೇ ಮಾತಿನಲ್ಲಿ ಅದನ್ನೆಲ್ಲ ನನ್ನ ಮೇಲೆ ತಳ್ಳಿ ಕೈ ತೊಳೆದುಕೊಳ್ಳಬಹುದಿತ್ತು. ತಳ್ಳಲಿಲ್ಲ. ಇತ್ತ ನಾನು ಅವನ ಬಾಯಲ್ಲಿ ಸುಳ್ಳು ಹೇಳಿಸಲು ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ, ಮುಂದೂ ಆಗಿಲ್ಲ. ಬರುತ್ತೇನೆ ಎಂದು ಹೇಳುವುದಕ್ಕೂ ಆಗದೆ ಎದ್ದು ಬಂದೆ.

ಶುಕ್ರವಾರ, ಶನಿವಾರ ನಾನು ಟೀ ಅಂಗಡಿ ಕಡೆ ಹೋಗಲಿಲ್ಲ. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಬೆಂಚಿನ ತುದಿಯನ್ನು ಯಾರೂ ನನಗೆ ದಾನ ಕೊಟ್ಟಿರಲಿಲ್ಲ, ವಾದ ಮಾಡಿ ಗಳಿಸಿದ್ದೆ. ಬೇಲೂರಿನವಳು ಬೇರೆ. ಬಾಯಿ ಬಿಟ್ಟರೆ ಬೇಕೆಂದೇ ಹಗ್ಗ ಬಿಟ್ಟಳು ಎನ್ನುತ್ತಾರೆ ಎಂದು ಗೊತ್ತಿತ್ತು. ಅಂದರೆ ಅನ್ನಲಿ ಎಂದು ಶನಿವಾರ ಸಂಜೆ ತೀರ್ಮಾನ ಮಾಡಿದೆ. ತೀರ್ಮಾನವಾದ ಮೇಲೆ ಹೊಟ್ಟೆ ತುಂಬ ಊಟ ಸೇರಿತು.

ಭಾನುವಾರ ಬೆಳಿಗ್ಗೆ ಸಮಿತಿಯ ಇಬ್ಬರು ಹಾಸನದಿಂದ ಬಂದರು. ಬಯಲಿನಲ್ಲೇ ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಟೇಬಲ್. ಸುತ್ತ ಜನವೋ ಜನ. ಪದ್ಮರಾಜಯ್ಯ ಒಂದು ಪಕ್ಕಕ್ಕೆ ಕೈ ಕಟ್ಟಿಕೊಂಡು ನಿಂತಿದ್ದರು. ತಾವು ಊದಲಿಲ್ಲ, ಊದುವ ಅಗತ್ಯ ಕಾಣಲಿಲ್ಲ ಎಂದಷ್ಟೇ ಹೇಳಿದರು. ಆಮೇಲೆ ಲೋಕೇಶನನ್ನು ಕರೆದರು. ಸಮಿತಿಯ ಹಿರಿಯರು ಅರ್ಜಿ ಓದಿ, ಸೀಟಿ ಕೇಳಿಸಿತೇ ಎಂದರು. ಲೋಕೇಶನ ಹಿಂದೆ ಶಿವಣ್ಣ, ಪುಟ್ಟರಾಜು, ಇಡೀ ತಂಡ ನಿಂತಿತ್ತು.

"ಇಲ್ಲ ಸಾರ್. ನಾನೇ ನಿಂತೆ."

ಹಿಂದಿನಿಂದ ಗುಜುಗುಜು ಎದ್ದಿತು. ಹಿರಿಯರು ಕೈ ಎತ್ತಿ ಸುಮ್ಮನಾಗಿಸಿ, ಏನಯ್ಯಾ, ಅಷ್ಟು ದೊಡ್ಡ ಪಂದ್ಯದಲ್ಲಿ ಹಾಗೆ ನಿಲ್ಲಬಹುದೇ, ನಾಳೆ ಮತ್ತೆ ಹಾಗೇ ಆದರೆ ಏನು ಮಾಡುತ್ತೀ ಎಂದು ಕೇಳಿದರು. ಅವನಿಗೆ ತಪ್ಪಾಯಿತು ಎಂದು ಹೇಳಿ ಪಾರಾಗಲು ಅವರು ಕೊಟ್ಟ ಅವಕಾಶ ಅದು, ನನಗೆ ಚೆನ್ನಾಗಿ ಅರ್ಥವಾಯಿತು.

"ನಿಲ್ತೀನಿ ಸಾರ್" ಎಂದ ಲೋಕೇಶ.

ನಾನು ಮುಂದೆ ಹೋದೆ. ಯಾರೂ ನನ್ನನ್ನು ಕರೆದಿರಲಿಲ್ಲ. ಅವತ್ತು ಹಗ್ಗದ ತುದಿ ನನ್ನ ಕೈಯಲ್ಲಿತ್ತು, ಲೈನ್ಸ್‌ಮನ್ ಜೊತೆ ಜಗಳಕ್ಕೆ ಓಡಿದಾಗ ಬಿಟ್ಟೆ, ಅದಕ್ಕೇ ಆಯಮ್ಮ ಒಳಗೆ ಬಂದದ್ದು ಎಂದೆ. ಅರ್ಜಿ ಬರೆದವಳೂ ನಾನೇ, ಸೀಟಿಯ ವಿಷಯ ಸುಳ್ಳು, ಅದನ್ನು ವಾಪಸ್ಸು ಕೊಡಿ ಹರಿದು ಹಾಕುತ್ತೇನೆ ಎಂದೆ. ಸೀಲು ಬಿದ್ದ ಕಾಗದ ಹರಿಯುವ ಹಾಗಿಲ್ಲ ಎಂದರು. ಸರಿ, ಪೆನ್ನು ಕೊಡಿ ಎಂದು ಇಸಿದುಕೊಂಡು, ನನ್ನದೇ ದುಂಡಗಿನ ಅಕ್ಷರದ ಕೆಳಗೆ, ಮೇಲೆ ಬರೆದಿರುವುದು ಸುಳ್ಳು ಎಂದು ಬರೆದು ಹೆಸರು, ತಾರೀಕು ಹಾಕಿದೆ. ಪದ್ಮರಾಜಯ್ಯನವರ ಕಡೆ ತಿರುಗಿ, ನಿಮಗೂ ಸುಳ್ಳು ಹೇಳಿದೆ ಸಾರ್, ಕ್ಷಮಿಸಿ ಎಂದೆ. ಅವರು ತಲೆಯಾಡಿಸಿದರು.

"ನಿಮ್ಮೂರ್ನೋರು ಗೆದ್ರಲ್ಲ, ನಿಮಗೇನ್ ಕಷ್ಟ" ಎಂದ ಶಿವಣ್ಣ, ಎಲ್ಲರಿಗೂ ಕೇಳುವ ಹಾಗೆ.

ಆ ಮಾತು ಚುಚ್ಚಿತು. ಆದರೆ ನಾನು ತಲೆ ತಗ್ಗಿಸಲಿಲ್ಲ. ಬೇಲೂರಿನವರು ಹಾಕಿದರೂ ಗೋಲು ಗೋಲೇ, ಅರಸೀಕೆರೆಯವರು ಹೇಳಿದರೂ ಸುಳ್ಳು ಸುಳ್ಳೇ, ಬೈಯುವುದಿದ್ದರೆ ಹಗ್ಗ ಬಿಟ್ಟ ನನ್ನನ್ನು ಬೈಯಿರಿ, ಅವನ ತಂಟೆಗೆ ಹೋಗಬೇಡಿ ಎಂದು ನಾನೂ ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದೆ. ಗೋಲು ಊರ್ಜಿತವಾಯಿತು. ಕುರ್ಚಿ ಎತ್ತುವ ಮುಂಚೆಯೇ ಶಿವಣ್ಣ ಲೋಕೇಶನಿಗೆ ಜರ್ಸಿ ತಂದುಕೊಡಲು ಹೇಳಿದ್ದು ನನಗೆ ಕೇಳಿಸಿತು.

ಆ ವಾರ ನಾನು ದಿನಾ ಟೀ ಅಂಗಡಿಗೆ ಹೋದೆ. ಹಠಕ್ಕೇ ಹೋದೆ. ನನ್ನ ತುದಿಯಲ್ಲೇ ಕೂತೆ. ಶಿವಣ್ಣ ಟೀ ತಂದಿಡುತ್ತಿದ್ದ, ಮಾತು ಮಾತ್ರ ಇಲ್ಲ. ಉಳಿದವರು ನಾನು ಬಂದ ಕೂಡಲೇ ಹವಾಮಾನದ ಬಗ್ಗೆ ಮಾತಾಡಲು ಶುರು ಮಾಡುತ್ತಿದ್ದರು. ಆಡಲಿ ಎಂದು ನಾನೂ ಇವತ್ತು ಚಳಿ ಜಾಸ್ತಿ ಎನ್ನುತ್ತಿದ್ದೆ.

ಮುಂದಿನ ಭಾನುವಾರ ಸಂಜೆ ಎಲ್ಲರೂ ಸೇರಿದ್ದಾಗ ಲೋಕೇಶ ಬಂದ. ಜರ್ಸಿಯನ್ನು ಒಗೆದು, ಇಸ್ತ್ರಿ ಮಾಡಿಸಿ, ಪೇಪರಿನಲ್ಲಿ ಸುತ್ತಿ ತಂದಿದ್ದ. ಶಿವಣ್ಣನ ಗಲ್ಲಾ ಪಕ್ಕ ಇಟ್ಟ. ಕೊಟ್ಟು ಹೊರಟುಹೋಗುತ್ತಾನೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಅವನು ಹೋಗಲಿಲ್ಲ. ಒಂದು ಟೀ ಕೊಡಣ್ಣ ಎಂದು ಹೇಳಿ ಬೆಂಚಿನ ಕಡೆ ಬಂದ. ಯಾರೂ ಜಾಗ ಬಿಡಲಿಲ್ಲ. ನಾನು ಸರಿದು ಕೂತೆ, ಅವನು ಕೂತ. ಎರಡು ಗುಟುಕು ಕುಡಿದು ಅವನೇ ಬಾಯಿ ಬಿಟ್ಟ.

"ಎರಡ್ನೇ ಗೋಲ್ ಬಗ್ಗೆ ಹದಿನೈದ್ ದಿನ ಬೈದ್ರಿ. ಮೊದಲ್ನೇ ಗೋಲ್ ಬಗ್ಗೆ ಒಬ್ರೂ ಕೇಳ್ಲಿಲ್ಲ. ಕಾರ್ನರ್ ಬಂದಾಗ ಆ ಎತ್ತರದೋನು ನನ್ ಪಾಲಿನೋನು. ಚೆಂಡ್ ನೋಡ್ತಾ ಅವನ್ನ ಬಿಟ್ಬಿಟ್ಟೆ. ಅದು ನನ್ ತಪ್ಪು. ಬೈಯೋದಾದ್ರೆ ಅದಕ್ಕೆ ಬೈರಿ, ಕೂತಿವ್ನಿ."

ಶಿವಣ್ಣ ಟೀ ಸೋಸುವುದನ್ನು ನಿಲ್ಲಿಸಿ ಅವನನ್ನೇ ನೋಡಿದ. ಪುಟ್ಟರಾಜುವಿಗೆ ತಡೆಯಲಾಗಲಿಲ್ಲ. ಏನ್ಲಾ, ಅವನು ನಿನ್ನ ಹಿಂದಿನಿಂದ ಬಂದನೋ ಮುಂದಿನಿಂದಲೋ ಎಂದು ಶುರು ಮಾಡಿದ. ಹಿಂದಿನಿಂದ ಎಂದ ಲೋಕೇಶ. ಹಿಂದಿನಿಂದ ಬಂದರೆ ಭುಜ ತಾಗಿಸಿಕೊಂಡು ನಿಲ್ಲಬೇಕಾಗಿತ್ತು ಎಂದು ಇನ್ನೊಬ್ಬ. ಕೀಪರ್ ಯಾಕೆ ಮುಂದೆ ಬರಲಿಲ್ಲ ಎಂದು ಮತ್ತೊಬ್ಬ. ಕೀಪರನ್ನು ಎಳೆಯಬೇಡಿ, ನನ್ನದು ಎಂದೆನಲ್ಲ ಎಂದು ಲೋಕೇಶ ದನಿ ಏರಿಸಿದ. ಶಿವಣ್ಣನೂ ಸೌಟು ಹಿಡಿದುಕೊಂಡೇ ಹೊರಗೆ ಬಂದ. ನೋಡನೋಡುತ್ತಾ ಇಡೀ ಬೆಂಚು ಅವನ ಮೇಲೆ ಮುಗಿಬಿದ್ದಿತ್ತು, ಅವನು ಒಬ್ಬೊಬ್ಬರಿಗೂ ಎದುರು ಉತ್ತರ ಕೊಡುತ್ತಿದ್ದ, ಕಣಕಟ್ಟೆಯ ಬಸ್ಸು ಹಾರ್ನ್ ಹೊಡೆದು ಹೋದದ್ದು ಅವನಿಗೂ ಕೇಳಿಸಲಿಲ್ಲ. ನಾನೂ ಬೈದೆ. ಮುಲಾಜಿಲ್ಲದೆ ಬೈದೆ. ಅಷ್ಟು ಎತ್ತರದ ಆಳನ್ನು ಯಾರಾದರೂ ಹಾಗೆ ಬಿಡುತ್ತಾರೆಯೇ? ಆ ಮೊದಲನೇ ಗೋಲು ಪೂರ್ತಿ ಅವನದೇ ತಪ್ಪು, ಅದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ.